ತೊಟ್ಟಿಲಲ್ಲಿ ಮಗು ಮಾತ್ರ ಇರಲಿ

ಹೆರಿಗೆಗೆ ಇನ್ನೂ ಒಂದೆರಡು ತಿಂಗಳಿರುವಾಗಲೇ ಮಕ್ಕಳ ಡಾಕ್ಟರನ್ನು ಮಾತಾಡಿಸಿ ಹೋಗೋಣ ಅಂತ ಬರುವ ದಂಪತಿಗಳಿದ್ದಾರೆ. ಒಳ್ಳೆಯದೇ. ಹೆಚ್ಚಿನವರ ಮೊಬೈಲಿನಲ್ಲಿ ಒಂದು ಪಟ್ಟಿ ಇರುತ್ತದೆ. ಗೆಳತಿ ಕಳಿಸಿದ್ದೋ, ಅಂಗಡಿಯವರೇ ಮಾಡಿಕೊಟ್ಟದ್ದೋ. ವೈಪ್ಸ್ ಬೆಚ್ಚಗಿಡುವ ಡಬ್ಬಿಯಿಂದ ಹಿಡಿದು ಮಗುವಿನ ನಾಡಿ ಅಳೆಯುವ ಕಾಲುಚೀಲದವರೆಗೆ ಎಲ್ಲವೂ ಅದರಲ್ಲಿರುತ್ತವೆ. "ಇಷ್ಟೂ ಬೇಕಾ ಡಾಕ್ಟ್ರೇ?" ಅಂತ ಕೇಳುತ್ತಾರೆ.

ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಮಗುವನ್ನು ಮನೆಗೆ ಕರೆತಂದ ಮೊದಲ ರಾತ್ರಿ ಈ ವಸ್ತು ಇಲ್ಲದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ ಅನ್ನುವುದಾದರೆ ಈಗ ಬೇಡ. ಬೇಕು ಅನ್ನಿಸಿದ ದಿನ ತಂದರಾಯಿತು. ಈ ಪ್ರಶ್ನೆಯ ನಂತರ ಪಟ್ಟಿಯಲ್ಲಿ ಉಳಿಯುವುದು ಸ್ವಲ್ಪವೇ: ಮಲಗಿಸಲು ಜಾಗ, ಒಂದಷ್ಟು ಬಟ್ಟೆ, ಡೈಪರ್, ಒಂದು ಥರ್ಮಾಮೀಟರ್. ಕಾರಿನಲ್ಲಿ ಓಡಾಡುವವರಾದರೆ ಮಗುವಿನ ಕಾರ್ ಸೀಟು.

ಮಲಗಿಸುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದುಡ್ಡು ಹೆಚ್ಚು ಹೋಗುವುದೂ ಅಲ್ಲೇ, ಅಪಾಯ ಮನೆಗೆ ಬರುವುದೂ ಅಲ್ಲೇ. ಬೇಕಾದದ್ದು ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ಅದರ ಮೇಲೆ ಬಿಗಿಯಾಗಿ ಕೂರುವ ಒಂದು ಬೆಡ್‌ಶೀಟ್. ಅಷ್ಟೇ. ದಿಂಬು ಬೇಡ, ರಜಾಯಿ ಬೇಡ, ಸುತ್ತಲೂ ಕಟ್ಟುವ ಮೆತ್ತೆ ಬೇಡ, ಗೊಂಬೆಯೂ ಬೇಡ. ಹಗಲಾಗಲಿ ರಾತ್ರಿಯಾಗಲಿ ಮಗುವನ್ನು ಅಂಗಾತ ಮಲಗಿಸಬೇಕು.

"ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಉಸಿರಿಗೆ ಹೋಗಲ್ವಾ?" ಅಂತ ಅಜ್ಜಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಬಾಯಿಗೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಇದು ತಲೆಕೆಳಗಾಗುತ್ತದೆ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಹಠಾತ್ ಶಿಶು ಮರಣ, ಅಂದರೆ ಆರೋಗ್ಯವಾಗಿದ್ದ ಕೂಸು ಕಾರಣ ತಿಳಿಯದೆ ನಿದ್ದೆಯಲ್ಲೇ ತೀರಿಕೊಳ್ಳುವುದು, ಸುಮಾರು ಅರ್ಧಕ್ಕೆ ಇಳಿಯಿತು. ಅದಕ್ಕಾಗಿ ಯಾರೂ ಏನನ್ನೂ ಕೊಳ್ಳಬೇಕಾಗಿರಲಿಲ್ಲ.

ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆಯನ್ನು ಮಾರುವುದು ತಲೆಗೆ ಪೆಟ್ಟಾಗದಿರಲಿ ಅಂತ. ಆದರೆ ಮಗು ಮುಖವನ್ನು ಅದಕ್ಕೆ ಒತ್ತಿಕೊಂಡರೆ ಸರಿಸಿಕೊಳ್ಳುವ ಶಕ್ತಿ ಅದಕ್ಕಿನ್ನೂ ಇರುವುದಿಲ್ಲ. ಅಮೆರಿಕ 2022ರಲ್ಲಿ ಕಾನೂನು ಮಾಡಿ ಇಂಥ ಮೆತ್ತೆಗಳ ಮಾರಾಟ ನಿಲ್ಲಿಸಿತು. ಹತ್ತು ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ, ಮಕ್ಕಳನ್ನು ಮಲಗಿಸಲೆಂದೇ ಮಾಡಿದ ಆಸನಗಳನ್ನೂ ಅದೇ ಕಾನೂನು ನಿಷೇಧಿಸಿತು. ಇಳಿಜಾರಿನಲ್ಲಿ ಮಗುವಿನ ತಲೆ ಮುಂದಕ್ಕೆ ಬಾಗುತ್ತದೆ, ಗಲ್ಲ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಕಾರ್ ಸೀಟಿನಲ್ಲಿ ಮಗು ನಿದ್ದೆ ಹೋದರೆ ಪ್ರಯಾಣ ಮುಗಿದ ಕೂಡಲೇ ಎತ್ತಿ ಸಮತಟ್ಟಾದ ಕಡೆ ಮಲಗಿಸಿ ಅನ್ನುವುದು ಇದೇ ಕಾರಣಕ್ಕೆ.

ತಲೆ ಗುಂಡಗಾಗಲಿ ಅಂತ ಮಾರುವ ದಿಂಬೂ ಬೇಡ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇವುಗಳ ಬಗ್ಗೆ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ಒಂದು ಕಡೆ ಚಪ್ಪಟೆಯಾದ ತಲೆ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ಸರಿಹೋಗುತ್ತದೆ. ಎಚ್ಚರವಿರುವಾಗ, ನೀವು ಪಕ್ಕದಲ್ಲಿ ಕೂತು ನೋಡುತ್ತಿರುವಾಗ ಸ್ವಲ್ಪ ಹೊತ್ತು ಬೋರಲು ಮಲಗಿಸಿ ಆಡಿಸಿ. ಕತ್ತು ಒಂದೇ ಕಡೆಗೆ ವಾಲುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಮೊದಲ ಆರು ತಿಂಗಳಾದರೂ ಮಗು ಅಪ್ಪ ಅಮ್ಮನ ಕೋಣೆಯಲ್ಲೇ, ತನ್ನದೇ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದು. ಅಂದಮೇಲೆ ಬಣ್ಣ ಹೊಡೆಸಿದ ಬೇರೆ ಕೋಣೆ ಈಗಲೇ ಬೇಕಿಲ್ಲ. ಬೇರೆ ಕೋಣೆ ಇಲ್ಲ ಅಂದಮೇಲೆ ಅಲ್ಲಿ ಇಡುವ ಕ್ಯಾಮೆರಾ ಕೂಡ ಬೇಕಿಲ್ಲ. ನಾಡಿ ಅಳೆಯುವ ಕಾಲುಚೀಲವನ್ನು ನಂಬಿ ಮಲಗಿಸುವ ರೀತಿಯಲ್ಲಿ ಸಡಿಲ ಬಿಡಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಅದು ಸುಳ್ಳು ಅಲಾರಂ ಹೊಡೆದರೆ ಮಧ್ಯರಾತ್ರಿ ಗಾಬರಿಯಾಗುವವರು ನೀವು. ಮಗು ಹಾಯಾಗಿ ಮಲಗಿರುತ್ತದೆ.

ಬಟ್ಟೆಗೆ ಬಂದರೆ, ಏಳೆಂಟು ಜೊತೆ ಮೆತ್ತನೆ ಹತ್ತಿಯವು ಸಾಕು. ಮುಂದೆ ಬಿಚ್ಚುವಂಥವು ಇರಲಿ. ಹೊಸ ಕೂಸಿನ ಕತ್ತು ಹಿಡಿದು ತಲೆಯ ಮೇಲಿಂದ ಅಂಗಿ ಹಾಕುವುದು ಮೊದಲ ವಾರದಲ್ಲಿ ಯಾರಿಗೂ ಬರುವುದಿಲ್ಲ. ಕತ್ತಿನ ಹತ್ತಿರ ದಾರ, ಸಡಿಲ ಗುಂಡಿ ಇರಬಾರದು. ಮಕ್ಕಳ ತೂಕ ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟಾಗುತ್ತದೆ. ಹಾಗಾಗಿ ಅತಿ ಚಿಕ್ಕ ಅಳತೆಯದನ್ನು ಡಜನ್‌ಗಟ್ಟಲೆ ತರಬೇಡಿ. ದೊಡ್ಡವರಿಗೆ ಹಿತವೆನಿಸುವುದಕ್ಕಿಂತ ಒಂದು ಪದರ ಜಾಸ್ತಿ ಹಾಕಿದರೆ ಸಾಕು. ಕೈಕಾಲು ತಣ್ಣಗಿದೆ ಅಂತ ಮೇಲಿಂದ ಮೇಲೆ ಹೊದಿಸುತ್ತಾರೆ. ಚಿಕ್ಕ ಮಕ್ಕಳ ಕೈಕಾಲು ಸ್ವಲ್ಪ ತಣ್ಣಗಿರುವುದು ಸಹಜ. ಮುಟ್ಟಿ ನೋಡಬೇಕಾದದ್ದು ಎದೆಯನ್ನು, ಇಲ್ಲವೇ ಕತ್ತಿನ ಹಿಂಭಾಗವನ್ನು. ಬೆವರಿದ್ದರೆ ಒಂದು ಪದರ ತೆಗೆಯಿರಿ. ಒಳಗೆ ನಿದ್ದೆ ಮಾಡುವಾಗ ಕುಲಾವಿ ಬೇಡ. ಶೂಗಳು ನೋಡಲು ಬಲು ಮುದ್ದಾಗಿರುತ್ತವೆ, ಆದರೆ ಹೊರಗೆ ನಡೆಯಲು ಶುರು ಮಾಡುವವರೆಗೆ ಅವುಗಳಿಂದ ಮಗುವಿಗೇನೂ ಉಪಯೋಗವಿಲ್ಲ.

ಮೊದಲ ವಾರಗಳಲ್ಲಿ ದಿನಕ್ಕೆ ಎಂಟು ಹತ್ತು ಡೈಪರ್ ಬೇಕಾಗಬಹುದು. ಬಟ್ಟೆಯದಾದರೂ ಸರಿ, ಬಿಸಾಡುವಂಥದ್ದಾದರೂ ಸರಿ. ಸಣ್ಣ ಅಳತೆಯದು ಒಂದೇ ಪ್ಯಾಕೆಟ್ ತನ್ನಿ. ಒರೆಸಲು ಹತ್ತಿ ಮತ್ತು ನೀರು ಸಾಕು. ಚರ್ಮ ಕೆಂಪಾದರೆ ಜಿಂಕ್ ಆಕ್ಸೈಡ್ ಇರುವ ಕ್ರೀಮು. ಪೌಡರ್ ಮಾತ್ರ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಸ್ನಾನಕ್ಕೆ ವಿಶೇಷ ಟಬ್ಬು, ಆಸನ ಏನೂ ಬೇಕಿಲ್ಲ. ಹೊಕ್ಕುಳ ಬಳ್ಳಿ ಒಣಗಿ ಬೀಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ. ಬಳ್ಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಿ.

ಹಾಲಿನ ವಿಷಯದಲ್ಲಿ ಪಟ್ಟಿ ಸುಮ್ನೆ ಉದ್ದವಾಗುತ್ತದೆ. ಬಾಟಲಿಗಳು, ಸ್ಟೆರಿಲೈಜರ್, ಪಂಪು, ಬಾಟಲಿ ಒಣಗಿಸುವ ಸ್ಟ್ಯಾಂಡು. ಎದೆಹಾಲು ಕುಡಿಸುವ ಯೋಚನೆ ಇದ್ದರೆ ಇವುಗಳಲ್ಲಿ ಯಾವುದನ್ನೂ ಮೊದಲೇ ತರಬೇಕಿಲ್ಲ. ಮೊದಲ ವಾರ ತೊಂದರೆ ಬಂದರೆ ಬೇಕಾಗುವುದು ಮಗು ಹೇಗೆ ಬಾಯಿ ಹಚ್ಚುತ್ತಿದೆ ಅಂತ ಪಕ್ಕದಲ್ಲಿ ಕೂತು ನೋಡಿ ತಿದ್ದುವ ಅನುಭವಸ್ಥೆ. ಅಂಥವರ ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ಫಾರ್ಮುಲಾ, ಅಂದರೆ ಡಬ್ಬಿಯ ಹಾಲಿನ ಪುಡಿ, ಬೇಕೇ ಆದರೆ ಕೆಲವು ಬಾಟಲಿ, ಕುದಿಸಲು ಒಂದು ಪಾತ್ರೆ ಸಾಕು. ಒಂದು ಮಾತು ನೆನಪಿರಲಿ: ಹಾಲಿನ ಪುಡಿ ರೋಗಾಣುಮುಕ್ತ ಅಲ್ಲ. ಅದಕ್ಕೇ ಪುಡಿ ಕಲಸುವ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಸಿದ ಮೇಲೆ ಆರಿಸಿ ಕುಡಿಸಬೇಕು.

ಮಗುವಿಗೆ ಹಾಲು ಸಾಲುತ್ತಿದೆಯೇ ಅಂತ ತಿಳಿಯಲು ತೂಕದ ಯಂತ್ರ ಕೊಂಡವರಿದ್ದಾರೆ. ಹುಟ್ಟಿದ ಮೊದಲ ದಿನಗಳಲ್ಲಿ ಮಗು ಸ್ವಲ್ಪ ತೂಕ ಕಳೆದುಕೊಳ್ಳುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಮತ್ತೆ ಪಡೆಯುತ್ತದೆ. ಮನೆಯಲ್ಲಿ ದಿನಾ ತೂಗಿದರೆ ಹೆದರಿಕೆ ಬಿಟ್ಟು ಇನ್ನೇನೂ ಸಿಗುವುದಿಲ್ಲ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆ ಮಾಡುತ್ತಿದೆಯಾ ಅಂತ ಲೆಕ್ಕ ಇಡಿ. ತೂಕವನ್ನು ನಾವು ನೋಡುತ್ತೇವೆ.

ಪಟ್ಟಿಗೆ ನಾನೇ ಸೇರಿಸುವ ವಸ್ತುಗಳೂ ಇವೆ. ಒಂದು, ವಿಟಮಿನ್ ಡಿ ಹನಿ. ಎದೆಹಾಲಿನಲ್ಲಿ ಇದು ಕಡಿಮೆ. ದಿನಕ್ಕೆ 400 ಯೂನಿಟ್ ಕೊಡುವುದು ವಾಡಿಕೆ. ಒಂದು ಹನಿಯಲ್ಲಿ ಎಷ್ಟಿದೆ ಅನ್ನುವುದು ಬಾಟಲಿಯಿಂದ ಬಾಟಲಿಗೆ ಬೇರೆ, ಆದ್ದರಿಂದ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಇನ್ನೊಂದು, ಡಿಜಿಟಲ್ ಥರ್ಮಾಮೀಟರ್. ಪಾದರಸದ್ದು ಒಡೆದರೆ ತೊಂದರೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲಿ ಜ್ವರದ ಔಷಧ ಹಾಕಿ ಕಾಯಬೇಡಿ. ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಬನ್ನಿ.

ಉಡುಗೊರೆಯಾಗಿ ಬಂದರೂ ಬಳಸಬೇಡಿ ಅನ್ನುವಂಥವೂ ಇವೆ. ಚಕ್ರದ ವಾಕರ್ ಅವುಗಳಲ್ಲಿ ಮೊದಲನೆಯದು. ಮಗು ಬೇಗ ನಡೆಯಲು ಅದು ನೆರವಾಗುವುದಿಲ್ಲ. ಮೆಟ್ಟಿಲಿನಿಂದ ಉರುಳಲು, ಬಿಸಿ ಪಾತ್ರೆಗೆ ಕೈ ಹಾಕಲು ಮಾತ್ರ ನೆರವಾಗುತ್ತದೆ. ಕೆನಡಾ 2004ರಲ್ಲೇ ಇದನ್ನು ನಿಷೇಧಿಸಿತು. ಹಲ್ಲು ಬರುವಾಗ ಹಾಕುವ ಮಣಿಸರವೂ ಬೇಡ. ಕತ್ತಿಗೆ ಬಿಗಿಯಬಹುದು, ಮಣಿ ಕಿತ್ತು ಗಂಟಲಿಗೆ ಹೋಗಬಹುದು.

ಈ ಪಟ್ಟಿಗಳಲ್ಲಿ ಅಮ್ಮನಿಗೆ ಅಂತ ಒಂದು ಸಾಲೂ ಇರುವುದಿಲ್ಲ, ನೋಡಿ. ದೊಡ್ಡ ಪ್ಯಾಡುಗಳು ಹಲವು ವಾರ ಬೇಕಾಗುತ್ತವೆ. ಮುಂದೆ ಬಿಚ್ಚುವ ಬಟ್ಟೆ, ಕೈಗೆ ಸಿಗುವ ಹಾಗೆ ನೀರಿನ ಬಾಟಲಿ ಬೇಕು. ಮಗುವಿಗೆ ಬೇಡ ಅಂದ ದಿಂಬು ಇವಳ ಬೆನ್ನಿಗೆ, ತೊಡೆಗೆ ಬೇಕು, ಒಂದಲ್ಲ ಎರಡು ಮೂರು. ಉಳಿದ ದುಡ್ಡಿನಲ್ಲಿ ಮನೆಗೆಲಸಕ್ಕೆ, ಅಡುಗೆಗೆ ಕೆಲವು ವಾರ ಯಾರನ್ನಾದರೂ ಇಟ್ಟುಕೊಳ್ಳಿ. ಏನು ತರಲಿ ಅಂತ ನೆಂಟರು ಕೇಳಿದರೆ ಒಂದು ಹೊತ್ತಿನ ಊಟ ತನ್ನಿ ಅನ್ನಿ. ಸಂಕೋಚ ಆದರೆ ಡೈಪರ್ ಅನ್ನಿ, ಒಂದು ಅಳತೆ ದೊಡ್ಡದು.

ಹಳೆಯ ಸಾಮಾನು ಸಿಕ್ಕಿದರೆ ಹಿಂಜರಿಯಬೇಡಿ. ಒಗೆದು ಬಳಸಿದರೆ ಬಟ್ಟೆಗೆ ಏನೂ ಆಗುವುದಿಲ್ಲ. ಕಾರ್ ಸೀಟು ಹಾಗಲ್ಲ. ಅಪಘಾತ ಕಂಡಿದೆಯೋ ಇಲ್ಲವೋ ಅಂತ ಖಚಿತವಿಲ್ಲದಿದ್ದರೆ ಪುಕ್ಕಟೆ ಸಿಕ್ಕರೂ ಬೇಡ. ಬಳಕೆಯ ಕೊನೆಯ ದಿನಾಂಕ ಅದರ ಮೇಲೆ ನಮೂದಾಗಿದ್ದರೆ ಅದನ್ನೂ ನೋಡಿ. ಹಳೆಯ ತೊಟ್ಟಿಲಾದರೆ ಅಳತೆ ಟೇಪು ಹಿಡಿಯಿರಿ. ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಸಂದಿ ಇರಬಾರದು. ಹಾಸಿಗೆಗೂ ಪಕ್ಕದ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಬಾರದು. ಒಂದು ಪಕ್ಕ ಕೆಳಗೆ ಜಾರುವ ಮಾದರಿಯ ತೊಟ್ಟಿಲನ್ನು ಅಮೆರಿಕ 2011ರಲ್ಲಿ ನಿಷೇಧಿಸಿದೆ. ಅಂಥದ್ದನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ಒಲ್ಲೆ ಅನ್ನಿ.