ಹಳೇಬೀಡನ್ನು ಏರಿಯ ಮೇಲೆ ನಿಂತು ನೋಡಬೇಕು

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರ ದೇವಾಲಯದ ಗೇಟಿನ ಮುಂದೆ ಬಸ್ಸಿಳಿದು, ಚಪ್ಪಲಿ ಬಿಟ್ಟು, ಉತ್ತರದ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಗೋಡೆಯ ಬುಡದ ಆನೆಸಾಲು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಬೇಲೂರಿನ ಬಸ್ಸು ಹತ್ತುತ್ತಾರೆ. ಆದರೆ ಆ ದೇವಾಲಯದ ಮುಖವಿರುವುದು ಪೂರ್ವಕ್ಕೆ. ಎರಡು ಗರ್ಭಗುಡಿ, ಎದುರಿಗೆ ಎರಡು ನಂದಿ, ನಂದಿಗಳ ಬೆನ್ನಿಗೆ ಕೆರೆ. ಕಟ್ಟಿದವರು ಗುಡಿಯನ್ನು ನೀರಿನ ಕಡೆಗೆ ತಿರುಗಿಸಿ ನಿಲ್ಲಿಸಿದ್ದಾರೆ. ನಾವು ಪಕ್ಕದ ಬಾಗಿಲಿನಿಂದ ಹೋಗಿ ಪಕ್ಕದ ಬಾಗಿಲಿನಿಂದಲೇ ಬರುತ್ತೇವೆ.

ನಾನು ಕೆರೆಗಳ ಕೆಲಸದಲ್ಲೇ ಕೂದಲು ಹಣ್ಣಾದ ಇಂಜಿನಿಯರ್. ಯಾವ ಊರಿಗೆ ಹೋದರೂ ಮೊದಲು ಕೆರೆಯ ಏರಿ, ಅಂದರೆ ನೀರನ್ನು ತಡೆದು ನಿಲ್ಲಿಸಿದ ಮಣ್ಣಿನ ದಿಬ್ಬ, ಹತ್ತುವುದು ನನ್ನ ಅಭ್ಯಾಸ. ಹಳೇಬೀಡಿನಲ್ಲಿ ಆ ಅಭ್ಯಾಸ ನನಗೆ ಕಲಿಸಿದ್ದು ಬಹಳ. ಈ ಊರಿನಲ್ಲಿ ಮೊದಲು ಹುಟ್ಟಿದ್ದು ಕೆರೆ. ರಾಜಧಾನಿ, ಗುಡಿ, ಕೋಟೆ ಎಲ್ಲ ಅದರ ಬೆನ್ನಿಗೆ ಬಂದವು.

ಹೆಸರನ್ನೇ ನೋಡಿ. ಶಾಸನಗಳಲ್ಲಿ ಇದು ದೋರಸಮುದ್ರ, ಸಂಸ್ಕೃತದ ಬಾಯಲ್ಲಿ ದ್ವಾರಸಮುದ್ರ. ನಮ್ಮ ಸೀಮೆಯಲ್ಲಿ ಸಮುದ್ರ ಎಂದರೆ ದೊಡ್ಡ ಕೆರೆ. ಬೇಲೂರಿನ ಕೆರೆ ವಿಷ್ಣುಸಮುದ್ರ. ಕನ್ನಡ ನಾಡಿನ ಬಹುಭಾಗವನ್ನೂ ತಮಿಳು ಸೀಮೆಯ ಒಂದಷ್ಟನ್ನೂ ಆಳಿದ ಹೊಯ್ಸಳ ಮನೆತನದ ರಾಜಧಾನಿ ಒಂದು ಕೆರೆಯ ಹೆಸರಿನಲ್ಲಿ ಬದುಕಿತು. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಕೇತಮಲ್ಲನೆಂಬ ಅಧಿಕಾರಿ ಹೊಯ್ಸಳೇಶ್ವರದ ಕೆಲಸ ಹಿಡಿದಾಗ ಕೆರೆ ಆಗಲೇ ಇತ್ತು.

ಇಲ್ಲಿಗೇ ಯಾಕೆ ಬಂದರು? ಹೊಯ್ಸಳರ ಮೂಲ ಇಂದಿನ ಮೂಡಿಗೆರೆ ಸೀಮೆಯ ಅಂಗಡಿ, ಅಂದರೆ ಹಳೆಯ ಸೊಸೆವೂರು. ಅದು ಮಳೆಯ ಕಾಡು. ಅಲ್ಲಿಂದ ಬೇಲೂರು, ಯಗಚಿ ನದಿಯ ದಡ. ಅಲ್ಲಿಂದ ಹದಿನಾರು ಕಿಲೋಮೀಟರ್ ಆಚೆ ದೋರಸಮುದ್ರ. ಇಲ್ಲಿ ನದಿ ಇಲ್ಲ. ಸಕಲೇಶಪುರದ ಕಡೆಯಿಂದ ಅರಸೀಕೆರೆಯ ಕಡೆಗೆ ಬರುತ್ತಾ ಬರುತ್ತಾ ಮಳೆ ಹೇಗೆ ಕಡಿಮೆಯಾಗುತ್ತದೆ ಎಂಬುದು ಆ ದಾರಿಯಲ್ಲಿ ಓಡಾಡಿದ ಯಾರಿಗಾದರೂ ಗೊತ್ತು. ಹೊಯ್ಸಳರು ಮಲೆನಾಡು ಬಿಟ್ಟು ಬಯಲಿಗೆ ಇಳಿದಷ್ಟೂ ನೀರನ್ನು ಹಿಡಿದಿಡುವ ವಿದ್ಯೆಯನ್ನು ನೆಚ್ಚಬೇಕಾಯಿತು. ಬಯಲಿನಲ್ಲಿ ರಾಗಿ, ಭತ್ತ, ದನ, ದಾರಿ, ಸುಂಕ ಎಲ್ಲವೂ ಸಿಗುತ್ತವೆ. ನೀರೊಂದನ್ನು ಮಾತ್ರ ನಾವೇ ಕೂಡಿಸಿಕೊಳ್ಳಬೇಕು.

ಕೆರೆ ಎಂದರೆ ಗುಂಡಿ ತೋಡಿ ನೀರು ತುಂಬುವುದಲ್ಲ. ಇಳಿಜಾರಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕುವುದು. ನೀರಿನ ಕಡೆಗೆ ಅಲೆ ಕೊರೆಯದಂತೆ ಕಲ್ಲು ಕಟ್ಟುವುದು. ಗದ್ದೆಗೆ ಅಳತೆಯಲ್ಲಿ ನೀರು ಬಿಡಲು ತೂಬು, ಹೆಚ್ಚಾದ ನೀರು ಏರಿಗೆ ಪೆಟ್ಟು ಕೊಡದೆ ಹರಿದುಹೋಗಲು ಕೋಡಿ. ಮಣ್ಣಿನ ಏರಿಗೆ ನೀರು ಹತ್ತಿ ಹರಿದರೆ ಅದು ಒಂದು ರಾತ್ರಿ ಉಳಿಯುವುದಿಲ್ಲ. ಆದ್ದರಿಂದ ಹಳೆಯ ಕೆರೆಯೊಂದು ಶತಮಾನಗಳ ಕಾಲ ನಿಂತಿದೆ ಎಂದರೆ ನಾನು ಮೊದಲು ಮೆಚ್ಚುವುದು ಏರಿಯನ್ನಲ್ಲ, ಕೋಡಿಯ ಮಟ್ಟ ಗೊತ್ತುಮಾಡಿದವನ ಕಣ್ಣನ್ನು. ಮಹಾಮಳೆಯ ವರ್ಷದಲ್ಲಿ ಎಷ್ಟು ನೀರು ಬಂದೀತು ಎಂದು ಅವನು ಅಂದಾಜು ಮಾಡಿದ್ದ. ಆ ಅಂದಾಜು ತಪ್ಪಲಿಲ್ಲ.

ಹಳೇಬೀಡಿನ ಕೆರೆಗೆ ಸ್ವಂತ ಹಳ್ಳಗಳ ನೀರು ಸಾಲುವುದಿಲ್ಲ. ಅದನ್ನು ಅರಿತೇ ಬೇಲೂರಿನ ಕಡೆಯ ರಣಘಟ್ಟದಲ್ಲಿ ಯಗಚಿಗೆ ಒಡ್ಡು ಹಾಕಿ, ಅಲ್ಲಿಂದ ದೋರಸಮುದ್ರಕ್ಕೆ ಕಾಲುವೆ ತಂದಿದ್ದರು. ಪಂಪಿಲ್ಲದ ಕಾಲ. ನೀರು ತನ್ನಷ್ಟಕ್ಕೆ ನಡೆದು ಬರಬೇಕು. ಕಾಲುವೆಯ ಇಳಿತ ಹೆಚ್ಚಾದರೆ ದಂಡೆ ಕೊಚ್ಚಿಹೋಗುತ್ತದೆ, ಅಲ್ಲದೆ ಮಟ್ಟ ಕಳೆದುಕೊಂಡು ಕೆರೆಗಿಂತ ಕೆಳಗೆ ಬಂದು ನಿಲ್ಲುತ್ತದೆ. ಇಳಿತ ಕಡಿಮೆಯಾದರೆ ನೀರು ನಿಧಾನಿಸಿ ಹೂಳು ಕೂರುತ್ತದೆ. ಗುಡ್ಡದ ಬಳಸು ದಾರಿಯಲ್ಲಿ ಈ ಎರಡರ ನಡುವಿನ ಗೆರೆ ಹಿಡಿಯುವುದು ಇವತ್ತು ಉಪಕರಣವಿಟ್ಟುಕೊಂಡೂ ಎಚ್ಚರದ ಕೆಲಸ. ಆ ಕಾಲುವೆ ಹಾಳಾದ ಮೇಲೆ ಕೆರೆ ಬರಿದಾದ ವರ್ಷಗಳೇ ಹೆಚ್ಚು. ಈಚಿನ ದಶಕಗಳಲ್ಲಿ ಹಳೇಬೀಡು, ಮಾದಿಹಳ್ಳಿ ಕಡೆಯ ರೈತರು ರಣಘಟ್ಟದ ನೀರಿಗಾಗಿ ಬೀದಿಗಿಳಿದು ಹೋರಾಡಿದ್ದು, ಸರ್ಕಾರ ಅದೇ ಹೆಸರಿನ ಯೋಜನೆ ಕೈಗೆತ್ತಿಕೊಂಡಿದ್ದು ಈ ಕಾರಣಕ್ಕೇ. ಅವರು ಹೊಸದೇನನ್ನೂ ಕೇಳಲಿಲ್ಲ. ಹಿಂದೆ ಬರುತ್ತಿದ್ದ ನೀರನ್ನೇ ಕೇಳಿದರು.

1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದಾಳಿ ಮಾಡಿದ. ಮುಂದೆ ತುಘಲಕನ ಸೇನೆಯೂ ಬಂತು. ಹೊಯ್ಸಳ ಅರಸ ಮೂರನೆಯ ಬಲ್ಲಾಳ ತಮಿಳು ಸೀಮೆಯ ತಿರುವಣ್ಣಾಮಲೆಯಿಂದ ಆಳಬೇಕಾಯಿತು. ರಾಜಧಾನಿ ಹಳೆಯ ಬೀಡಾಯಿತು, ಹಳೇಬೀಡಾಯಿತು. ಇಲ್ಲಿಗೆ ಇತಿಹಾಸ ಮುಗಿಯಿತು ಎಂಬಂತೆ ಗೈಡುಗಳು ಮಾತು ನಿಲ್ಲಿಸುತ್ತಾರೆ. ನನಗೆ ಅಲ್ಲಿಂದಲೇ ಕುತೂಹಲ ಶುರುವಾಗುವುದು. ಅರಸ ಹೋದ ಮೇಲೆ ಅರಮನೆ ಯಾರಿಗೆ ಬೇಕು? ಅದು ಮಣ್ಣಾಯಿತು. ಕೋಟೆಯ ಕಲ್ಲು ಚೆಲ್ಲಾಡಿತು. ಏರಿ ಮಾತ್ರ ಉಳಿಯಿತು, ಏಕೆಂದರೆ ಅದರ ಕೆಳಗೆ ಗದ್ದೆ ಇತ್ತು. ಆಳುವವರು ಯಾರಾದರೂ ಆಗಲಿ, ಮಳೆಗಾಲದ ಮುಂಚೆ ತೂಬು ನೋಡಲೇಬೇಕು, ಬಿರುಕಿಗೆ ಮಣ್ಣು ಹಾಕಲೇಬೇಕು. ಅದಕ್ಕೆಂದು ಬಿಟ್ಟ ಭೂಮಿಯ ವಿಚಾರ ಕನ್ನಡದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಕೆರೆ ಕಟ್ಟಿದವರಿಗೆ, ರಿಪೇರಿ ಮಾಡಿದವರಿಗೆ ಕೊಟ್ಟ ಭೂಮಿಯವು. ಹೂಳು ಸಾಗಿಸುವ ಬಂಡಿಗೂ ದತ್ತಿ ಬಿಟ್ಟವರಿದ್ದಾರೆ. ಕೆರೆ ಕಟ್ಟಿದ ಪುಣ್ಯ ಒಂದು ಸಲದ್ದು, ಹೂಳು ತೆಗೆಯುವ ಕೆಲಸ ಪ್ರತಿ ಬೇಸಿಗೆಯದು ಎಂದು ಅವರಿಗೆ ಗೊತ್ತಿತ್ತು.

ಹೂಳಿನ ವಿಚಾರದಲ್ಲಿ ನನ್ನ ಸಂಕಟವನ್ನು ಹೇಳಲೇಬೇಕು. ಈಗ ಹೂಳೆತ್ತುವುದೆಂದರೆ ಜೆಸಿಬಿ ತಂದು ಸಿಕ್ಕಲ್ಲಿ ಆಳ ತೋಡುವುದು. ಹೊರಗಿನಿಂದ ಬಂದ ನೀರು ಕೆರೆಗೆ ಬಿದ್ದ ಕೂಡಲೇ ಓಟ ನಿಲ್ಲಿಸುತ್ತದೆ. ದಪ್ಪ ಮರಳು ಹಳ್ಳದ ಬಾಯಲ್ಲೇ ಕೂರುತ್ತದೆ, ನುಣ್ಣನೆಯ ಗೋಡು ತೇಲಿಬಂದು ಏರಿಯ ಬದಿಗೆ ಇಳಿಯುತ್ತದೆ. ಆ ಗೋಡು ಹೊಲಕ್ಕೆ ಒಳ್ಳೆಯ ಗೊಬ್ಬರ, ತೆಗೆಯಬೇಕು. ಆದರೆ ಅದರ ಅಡಿಯ ಗಟ್ಟಿ ಜೇಡಿಯ ಪದರವನ್ನೂ ಬಗೆದರೆ ಕೆಳಗಿನ ಮೊರಂ, ಅಂದರೆ ಗರಸು ಮಣ್ಣು, ನೀರು ಕುಡಿಯುತ್ತದೆ, ಕೆರೆ ತುಂಬಿದರೂ ನಿಲ್ಲುವುದಿಲ್ಲ. ಏರಿಯ ಬುಡದಲ್ಲಿ ತೋಡಿದರೆ ಏರಿಯೇ ಕುಸಿದೀತು. ಒಂದು ಊರಿನಲ್ಲಿ ಇಂಥ ಗುಂಡಿಗಳನ್ನು ನಿಲ್ಲಿಸಲು ನನ್ನಿಂದ ಆಗಲಿಲ್ಲ, ಆ ಕೆರೆ ಆಮೇಲೆ ನೀರು ಹಿಡಿಯಲಿಲ್ಲ. ಹಳೇಬೀಡಿನಲ್ಲಂತೂ ಇನ್ನೊಂದು ಎಚ್ಚರ ಬೇಕು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಗುಡಿಯ ಬದಿಯ ದಡದಲ್ಲಿ ಯಂತ್ರ ಇಳಿಸುವ ಮುಂಚೆ ಪುರಾತತ್ವದವರನ್ನು ಕೇಳಲೇಬೇಕು.

ಊರಿನ ಗುಣವೂ ಕೆರೆಯ ಜೊತೆಗೇ ಏರಿಳಿಯುತ್ತದೆ. ಒಂದು ಸಂಜೆ ಏರಿಯ ಮೇಲೆ ಸಿಕ್ಕ ವಯಸ್ಸಾದ ನೀರುಗಂಟಿಯೊಬ್ಬರನ್ನು, ಅಂದರೆ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವವರನ್ನು, "ಕೆರೆ ತುಂಬಿದರೆ ಊರಲ್ಲಿ ಏನು ಬದಲಾಗುತ್ತೆ ಯಜಮಾನ್ರೇ?" ಎಂದು ಕೇಳಿದೆ. "ಬಾವಿ ಮಾತಾಡ್ತವೆ ಸಾರ್," ಅಂದರು. ಕೋಡಿ ಬಿದ್ದ ವರ್ಷ ಹೆಂಗಸರು ಬಾಗಿನ ಬಿಡಲು ಬರುತ್ತಾರೆ, ಹುಡುಗರು ಕೋಡಿಯಲ್ಲಿ ಮೀನು ಹಿಡಿಯುತ್ತಾರೆ. ಬಾವಿ ಮಾತಾಡುವುದು ಬರಿಯ ಮಾತಲ್ಲ. ಕೆರೆಯ ನೀರು ಇಂಗಿ ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ಮಟ್ಟ ಎತ್ತುತ್ತದೆ. ಹುಲಿಕೆರೆಯ ಹೊಯ್ಸಳ ಕಲ್ಯಾಣಿಗೆ ಹೋದರೆ ಸುತ್ತಲ ಪುಟ್ಟ ಗುಡಿಗಳ ಚೆಲುವಿನ ಜೊತೆಗೆ ನೀರು ಎಷ್ಟು ಮೆಟ್ಟಿಲು ಮುಳುಗಿಸಿದೆ ಎಂದೂ ಎಣಿಸಿ. ನೆಲದೊಳಗಿನ ನೀರಿನ ಅಳತೆಗೋಲು ಅದು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರದ ಜೊತೆ ಹಳೇಬೀಡೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು. ಹೆಮ್ಮೆಯ ವಿಷಯ. ಆ ಪಟ್ಟಿಯಿಂದ ಬರುವ ಕಾಳಜಿಯಲ್ಲಿ ಒಂದು ಪಾಲು ತೂಬಿಗೆ, ಕೋಡಿಗೆ, ನೀರು ಬರುವ ಹಳ್ಳಗಳಿಗೆ ಸಲ್ಲಬೇಕು ಎಂಬುದು ನನ್ನ ಬೇಡಿಕೆ.

ಈ ಊರಿನ ಬಗ್ಗೆ ಹಿರಿಯರು ಹೇಳುವ ಒಂದು ಕಥೆ ಇದೆ. ಅರಸನ ಅಕ್ಕನ ಮಕ್ಕಳಿಬ್ಬರು ಅರಮನೆಗೆ ಬಂದಿದ್ದರಂತೆ. ಸುಳ್ಳು ದೂರು ನಂಬಿ ಅರಸ ಇಬ್ಬರನ್ನೂ ಕೊಲ್ಲಿಸಿದನಂತೆ. ಹೆತ್ತ ತಾಯಿ ಬೀದಿ ಬೀದಿ ಅಲೆದು ಬಾಯಾರಿ ನೀರು ಕೇಳಿದರೆ, ಅರಸನಿಗೆ ಹೆದರಿ ಯಾರೂ ಬಾಗಿಲು ತೆರೆಯಲಿಲ್ಲವಂತೆ. ಕುಂಬಾರ ಬೀದಿಯಲ್ಲಿ ಮಾತ್ರ ಒಂದು ಗಡಿಗೆ ನೀರು ಸಿಕ್ಕಿತು. ಅವಳು ಊರಿಗೆಲ್ಲ ಹಾಳಾಗೆಂದು ಶಾಪ ಹಾಕಿ, ಕುಂಬಾರ ಬೀದಿಯೊಂದು ಉಳಿಯಲಿ ಎಂದಳಂತೆ. ಕೇಳಿದಾಗಲೆಲ್ಲ ನನಗೆ ಗಡಿಗೆಯ ಮಣ್ಣೂ ಅದರೊಳಗಿನ ನೀರೂ ಕೆರೆಯ ಅಂಗಳದ್ದೇ ಇದ್ದಿರಬೇಕು ಅನ್ನಿಸುತ್ತದೆ.