ಗಿಡದ ಪಟ್ಟಿಗೆ ಮೊದಲು ಜಾಗದ ಪರೀಕ್ಷೆ: ಹೊಸ ಕೈತೋಟಕ್ಕೊಂದು ಅಧ್ಯಯನ ಟಿಪ್ಪಣಿ

ಕೈತೋಟದ ಪಾಠಗಳು ಹೆಚ್ಚಾಗಿ ಮಣ್ಣಿನಿಂದಲೇ ಆರಂಭವಾಗುತ್ತವೆ. ಈ ಟಿಪ್ಪಣಿಯಲ್ಲಿ ಮಣ್ಣನ್ನು ಬೇಕೆಂದೇ ಹಿಂದಕ್ಕೆ ಸರಿಸಿದ್ದೇನೆ. ಮಣ್ಣು ಸಪ್ಪೆಯಾಗಿದ್ದರೆ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು, ಒಂದಿಷ್ಟು ಕೊಟ್ಟಿಗೆ ಗೊಬ್ಬರ ತರಿಸಿ ಸರಿಪಡಿಸಬಹುದು. ನೀರು ನಿಲ್ಲುವ ಮೂಲೆಗೂ ಸ್ವಲ್ಪ ಖರ್ಚು ಮಾಡಿದರೆ ದಾರಿ ಸಿಗುತ್ತದೆ. ಪಕ್ಕದ ಮೂರು ಮಹಡಿ ಮನೆಯ ನೆರಳನ್ನು ಮಾತ್ರ ಯಾವ ಗೊಬ್ಬರವೂ ಸರಿಸಲಾರದು. ನಮ್ಮ ಕೈಯಲ್ಲಿ ಬದಲಾಗದ್ದನ್ನು ಮೊದಲು ಅಳೆಯುವುದು, ಬದಲಾಗುವುದನ್ನು ಆಮೇಲೆ ನೋಡುವುದು, ಇದೇ ಇಲ್ಲಿನ ಕ್ರಮ. ಉದಾಹರಣೆಗೆ ಬೆಂಗಳೂರಿನ 30×40 ಅಡಿ ಸೈಟನ್ನು ಇಟ್ಟುಕೊಳ್ಳೋಣ. ಮನೆ ಕಟ್ಟಿ ಮುಗಿದಿದೆ, ಸುತ್ತ ನಾಲ್ಕೈದು ಅಡಿ ಜಾಗ ಉಳಿದಿದೆ.

ಬಿಸಿಲು

ದಕ್ಷಿಣಕ್ಕೆ ತೆರೆದಿರುವ ಜಾಗ ಒಳ್ಳೆಯದು, ಉತ್ತರದ್ದು ಸದಾ ನೆರಳು ಎಂಬ ಸೂತ್ರ ತೋಟಗಾರಿಕೆಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಅದು ಯುರೋಪಿನಂಥ ದೂರದ ಅಕ್ಷಾಂಶಗಳಿಗೆ ಹೊಂದುವ ಮಾತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಂದು ದಿನ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಇವೇ ಶೂನ್ಯ ನೆರಳಿನ ದಿನಗಳು. ಈ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉಳಿದ ಕಾಲದಲ್ಲಿ ದಕ್ಷಿಣಕ್ಕೆ.

ಇದನ್ನು ಲೆಕ್ಕಕ್ಕೆ ಇಳಿಸುವುದು ಕಷ್ಟವಲ್ಲ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯನ ಎತ್ತರ ಸುಮಾರು 53.5 ಡಿಗ್ರಿ. ಆಗ ಯಾವುದೇ ಗೋಡೆಯ ನೆರಳು ಅದರ ಎತ್ತರದ 0.74ರಷ್ಟು ಉದ್ದ ಉತ್ತರದ ಕಡೆಗೆ ಚಾಚುತ್ತದೆ. ದಕ್ಷಿಣ ಪಕ್ಕದಲ್ಲಿ 10 ಮೀಟರ್ ಎತ್ತರದ ಕಟ್ಟಡವಿದ್ದರೆ ನೆರಳು 7.4 ಮೀಟರ್. ಜೂನ್ 21ರ ಸುಮಾರಿಗೆ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ ಎತ್ತರದ 0.19ರಷ್ಟು ಮಾತ್ರ. ಅದೇ ಎತ್ತರದ ಕಟ್ಟಡಕ್ಕೆ ಎರಡು ಮೀಟರಿಗೂ ಕಡಿಮೆ. ಬೀದರಿನವರು ಇದೇ ಅಂಕಿಗಳನ್ನು ನಕಲು ಮಾಡಬಾರದು. ಅಲ್ಲಿನ ಅಕ್ಷಾಂಶ 18 ಡಿಗ್ರಿಯ ಹತ್ತಿರ, ಡಿಸೆಂಬರಿನ ನೆರಳು ಎತ್ತರದ 0.88ರಷ್ಟು.

ಈಗ ಮನೆಯ ಉತ್ತರ ಬದಿಯ ಐದಡಿ ಪಟ್ಟಿಯನ್ನು ನೋಡಿ. ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಮಧ್ಯಾಹ್ನದ ಬಿಸಿಲು ಇಣುಕುವುದೂ ಇಲ್ಲ. ಚಳಿಗಾಲದಲ್ಲಿ ಜಾಗ ನೋಡಿದವರು ಅದನ್ನು ನೆರಳೆಂದು ಬರೆದುಕೊಂಡು ಜರಿಗಿಡಗಳ ಪಟ್ಟಿ ಹಾಕುತ್ತಾರೆ. ಮೇ ತಿಂಗಳು ಬಂದಾಗ ಬಿಸಿಲು ನೇರವಾಗಿ ಅಲ್ಲೇ ಇಳಿಯುತ್ತದೆ, ಜರಿಗಿಡದ ಅಂಚು ಕರಕಲಾಗುತ್ತದೆ. ಹಾಗೆಯೇ ಮೇ ತಿಂಗಳಲ್ಲಿ ನೋಡಿ ಟೊಮೆಟೊ ಹಾಕಿದರೆ ಡಿಸೆಂಬರಿನಲ್ಲಿ ಬರೀ ಕಡ್ಡಿ. ಇಂಥ ಪಟ್ಟಿಗೆ ಎರಡನ್ನೂ ತಾಳುವ ಗಿಡ ಬೇಕು, ಅಥವಾ ಬೇಸಿಗೆಯಲ್ಲಿ ಎತ್ತಿಡಬಹುದಾದ ಕುಂಡಗಳು ಬೇಕು.

ಕೆಲಸದ ವಿಧಾನ ಹೀಗೆ. ಗ್ರಾಫ್ ಹಾಳೆಯಲ್ಲಿ ಸೈಟಿನ ನಕ್ಷೆ ಬರೆಯಿರಿ, ಒಂದು ಚೌಕ ಒಂದು ಅಡಿಯಾದರೆ ಸಾಕು. ಒಂದು ದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ನೆರಳಿನ ಅಂಚನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ ನಕ್ಷೆಗೆ ಇಳಿಸಿ. ಸೂರ್ಯ ನಿಜವಾಗಿ ತುತ್ತತುದಿಗೇರುವುದು ಗಡಿಯಾರದ 12ಕ್ಕಲ್ಲ. ಜೂನ್ ಮತ್ತು ಡಿಸೆಂಬರಿನಲ್ಲಿ ಬೆಂಗಳೂರಿನ ಮಟ್ಟಿಗೆ ಅದು 12 ಗಂಟೆ 20 ನಿಮಿಷದ ಆಸುಪಾಸು. ವರ್ಷವಿಡೀ ಕಾಯಲು ಆಗದಿದ್ದರೆ ಇನ್ನೊಂದು ಋತುವಿನ ಮಧ್ಯಾಹ್ನದ ನೆರಳನ್ನು ಮೇಲಿನ ಲೆಕ್ಕದಿಂದ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಎಳೆಯಿರಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಮಲ್ಲಿಗೆಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲೂ ಬದುಕಿಕೊಳ್ಳುತ್ತವೆ. ಅರಿಶಿನ, ಶುಂಠಿ, ಒಂದೆಲಗಕ್ಕೆ ಅರೆನೆರಳು ತೊಂದರೆಯಲ್ಲ.

ಪಶ್ಚಿಮದ ಗೋಡೆಯ ಬುಡವನ್ನು ಪ್ರತ್ಯೇಕವಾಗಿ ಗುರುತಿಸಿ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಕಾದ ಗೋಡೆ ಸೂರ್ಯ ಮುಳುಗಿದ ಮೇಲೂ ಬಿಸಿಯುಗುಳುತ್ತಿರುತ್ತದೆ. ಅಲ್ಲಿನ ಆರು ಗಂಟೆಯ ಬಿಸಿಲೂ ಪೂರ್ವ ಬದಿಯ ಆರು ಗಂಟೆಯ ಬಿಸಿಲೂ ಒಂದೇ ಅಲ್ಲ.

ನೀರು

ನೆಲ ಕಣ್ಣಿಗೆ ಸಮವಾಗಿ ಕಂಡರೆ ನಂಬಬೇಡಿ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ಇದಕ್ಕೆ ಸಾಕು. ಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯನ್ನು ಗೇಟಿನ ಬಳಿ, ಇನ್ನೊಂದನ್ನು ಹಿತ್ತಿಲ ಮೂಲೆಯಲ್ಲಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟದಿಂದ ನೆಲದವರೆಗಿನ ಅಂತರವನ್ನು ಎರಡೂ ಕಡೆ ಅಳೆದು ವ್ಯತ್ಯಾಸ ತೆಗೆದರೆ ಇಳಿಜಾರು ಎಷ್ಟೆಂದು ಗೊತ್ತಾಗುತ್ತದೆ. 12 ಮೀಟರ್ ಉದ್ದಕ್ಕೆ 12 ಸೆಂಟಿಮೀಟರ್ ಇಳಿದಿದ್ದರೆ ಅದು ಶೇಕಡ 1ರ ಇಳಿಜಾರು. ಅದು ಮನೆಯ ಪಾಯದತ್ತ ಇಳಿಯುತ್ತಿದ್ದರೆ ತೋಟದ ಯೋಚನೆ ಆಮೇಲೆ, ಮೊದಲು ಅದನ್ನು ತಿರುಗಿಸಿ.

ತಾರಸಿಯ ನೀರು ಎಲ್ಲಿ ಬೀಳುತ್ತದೆ ಎಂಬುದು ಹೆಚ್ಚಿನವರು ಮರೆಯುವ ಅಂಶ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 1000 ಚದರ ಅಡಿ ತಾರಸಿ ಸುಮಾರು 93 ಚದರ ಮೀಟರ್, ಒಂದು ಸಂಜೆಯ 20 ಮಿಲಿಮೀಟರ್ ಮಳೆಗೆ 1,800 ಲೀಟರಿಗೂ ಹೆಚ್ಚು ನೀರು. ಅದೆಲ್ಲ ಒಂದೇ ಕೊಳವೆಯಲ್ಲಿ ಇಳಿದು ನಿಮ್ಮ ಪಾತಿಯ ಮೇಲೆ ಬಿದ್ದರೆ ಬಿತ್ತಿದ ಕೊತ್ತಂಬರಿ ಚರಂಡಿಯಲ್ಲಿ ಮೊಳೆಯುತ್ತದೆ! ಬೆಂಗಳೂರಿನಲ್ಲಿ ಮಳೆಯ ಜೋರು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆಯ ಮಳೆಗಳಲ್ಲಿ ಒಮ್ಮೆ ಕೊಡೆ ಹಿಡಿದು ಜಾಗವನ್ನು ಸುತ್ತಿದರೆ ಪೈಪು ತೋರಿಸದ್ದೂ ಕಾಣುತ್ತದೆ.

ಇಂಗುವ ವೇಗಕ್ಕೆ ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಆ ಮೊದಲ ಸುತ್ತನ್ನು ಲೆಕ್ಕಕ್ಕೆ ಹಿಡಿಯಬಾರದು, ಒಣಮಣ್ಣು ಆತುರದಲ್ಲಿ ಕುಡಿದಿರುತ್ತದೆ. ಎರಡನೆಯ ಬಾರಿ ತುಂಬಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳತೆಪಟ್ಟಿ ಇಟ್ಟು ನೋಡಿ. ಎರಡೂವರೆಯಿಂದ ಏಳೂವರೆ ಸೆಂಟಿಮೀಟರ್ ಇಳಿದರೆ ಬಹುತೇಕ ಗಿಡಗಳಿಗೆ ಒಪ್ಪುತ್ತದೆ. ಅದಕ್ಕಿಂತ ನಿಧಾನವಾದರೆ ಎತ್ತರದ ಪಾತಿ ಮಾಡಬೇಕು, ಪಪ್ಪಾಯಿಯ ಆಸೆಯನ್ನಂತೂ ಬಿಡಬೇಕು. ಅದರ ಬೇರು ನಿಂತ ನೀರನ್ನು ಸಹಿಸುವುದಿಲ್ಲ.

ಮಣ್ಣು

ಹೊಸ ಮನೆಯ ಸುತ್ತ ಮಣ್ಣೆಂದು ಕಾಣುವುದು ಎಷ್ಟೋ ಸಲ ಮಣ್ಣೇ ಅಲ್ಲ. ಹಾರೆಯಿಂದ ಒಂದೂವರೆ ಅಡಿ ಅಗೆದು ಗುಂಡಿಯ ಬದಿಯನ್ನು ನೋಡಿ: ಮೇಲೆ ಒಂದು ಗೇಣು ಜಲ್ಲಿ, ಇಟ್ಟಿಗೆ ಚೂರು, ಟೈಲ್ಸಿನ ಅಂಚು, ಅದರ ಕೆಳಗೆ ಬೂದುಬಣ್ಣದ ಸಿಮೆಂಟಿನ ಹಕ್ಕಳೆ, ಅದನ್ನು ಒಡೆದ ಮೇಲೆ ನಿಜವಾದ ಕೆಮ್ಮಣ್ಣು. ಗಾರೆ ಕಲಸಿದ್ದು ಎಲ್ಲಿ ಎಂದು ಮೇಸ್ತ್ರಿಯನ್ನು ಕೇಳಿ, ನಕ್ಷೆಯಲ್ಲಿ ಅಡ್ಡಗೆರೆ ಹಾಕಿಡಿ. ಅನುಮಾನವಿದ್ದರೆ ಆ ಮಣ್ಣಿಗೆ ಸ್ವಲ್ಪ ವಿನೆಗರ್ ಹನಿಸಿ, ನೊರೆಯೆದ್ದರೆ ಸುಣ್ಣದ ಅಂಶವಿದೆ. ಅಂಥಲ್ಲಿ ಗಿಡಕ್ಕೆ ಕಬ್ಬಿಣ ಸರಿಯಾಗಿ ದಕ್ಕದೆ ಎಳೆಯ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕೇಪಳದ ಗಿಡದಲ್ಲಿ ಇದು ಬೇಗ ಕಾಣುತ್ತದೆ.

ಮಣ್ಣಿನ ಹದಕ್ಕೆ, ಎಂದರೆ ಅದರಲ್ಲಿ ಮರಳು, ಗೋಡು (ಮರಳಿಗಿಂತ ನುಣ್ಣನೆಯ ಕಣ), ಜೇಡಿ ಎಷ್ಟೆಷ್ಟಿವೆ ಎಂದು ತಿಳಿಯಲು, ಗಾಜಿನ ಜಾಡಿಯ ಪರೀಕ್ಷೆ ಸಾಕು: ಮೂರರಲ್ಲೊಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಸಾಬೂನು ಪುಡಿ. ಅಲ್ಲಾಡಿಸಿಟ್ಟರೆ ಮರಳು ನಿಮಿಷದಲ್ಲಿ, ಗೋಡು ಕೆಲವು ಗಂಟೆಗಳಲ್ಲಿ ತಳ ಸೇರುತ್ತದೆ. ಜೇಡಿಗೆ ಒಂದು ದಿನವೂ ಸಾಲದೆ ಹೋಗಬಹುದು. ಪೋಷಕಾಂಶದ ಅಂಕಿ ಬೇಕಾದರೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ನಾಲ್ಕೈದು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಕೂಡಿಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಒಯ್ದರೆ ಸಾಕು. ಗಾರೆ ಕಲಸಿದ ಜಾಗದ ಮಣ್ಣನ್ನು ಮಾತ್ರ ಇದರಲ್ಲಿ ಬೆರೆಸಬೇಡಿ.

ಕಳೆಯನ್ನು ಕೀಳುವ ಮೊದಲು ಏನೇನು ಬೆಳೆದಿದೆ ಎಂದು ಬರೆದುಕೊಳ್ಳಿ. ಜೇಕು ಇದ್ದರೆ ಅದರ ಗಡ್ಡೆ ನೆಲದೊಳಗಿದೆ ಎಂದರ್ಥ. ಮೇಲೆ ಹೊಸ ಮಣ್ಣು ಸುರಿದರೂ ತೂರಿಕೊಂಡು ಬರುತ್ತದೆ.

ಇನ್ನುಳಿದವನ್ನು ನಕ್ಷೆಯಲ್ಲಿ ಗುರುತು ಹಾಕಿದರೆ ಮುಗಿಯಿತು: ಸಂಪಿನ ಮುಚ್ಚಳ, ಒಳಚರಂಡಿ ಹೋಗುವ ದಾರಿ, ನಲ್ಲಿ, ತಲೆಯ ಮೇಲಿನ ವಿದ್ಯುತ್ ತಂತಿ, ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ನುಗ್ಗುವ ಸಂದಿ. ಆ ಸಂದಿಯಲ್ಲಿ ಬಾಳೆ ನೆಟ್ಟರೆ ಊಟಕ್ಕೆ ಹಾಸುವಂಥ ಇಡೀ ಎಲೆ ಸಿಗುವುದಿಲ್ಲ. ಸೈಟಿನಲ್ಲಿ ಹಳೆಯ ಮರವಿದ್ದರೆ ಅದರ ಸುತ್ತಳತೆಯನ್ನೂ ನೆರಳಿನ ಹರವನ್ನೂ ಬರೆದಿಡಿ. ಕಡಿಯುವ ವಿಚಾರವಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಬೇಕು. ಮರ ನಿಮ್ಮ ಜಾಗದಲ್ಲೇ ಇದ್ದರೂ ಈ ಕಾಯ್ದೆ ಅನ್ವಯಿಸುತ್ತದೆ.