ಸಿಮೆಂಟ್ ಕುಡಿದ ನೀರು ಎಲ್ಲಿಗೆ ಹೋಗುತ್ತದೆ?

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಗೆ ಸ್ಲ್ಯಾಬ್ ಹಾಕಿದ್ದು ಏಪ್ರಿಲ್‌ನಲ್ಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಬೆಳಗ್ಗೆ ಹತ್ತಕ್ಕೇ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಗೌಂಡಿ ಸ್ಲ್ಯಾಬಿನ ಮೇಲೆ ಚೌಕ ಚೌಕವಾಗಿ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದ. ಗದ್ದೆಯ ಮಡಿಗಳ ಹಾಗೆ ಕಾಣುತ್ತಿತ್ತು. ನಾಲ್ಕನೇ ದಿನ ಹತ್ತಿ ನೋಡಿದರೆ ಅರ್ಧಕ್ಕರ್ಧ ಚೌಕಗಳು ಬತ್ತಿಹೋಗಿದ್ದವು. ಕೇಳಿದೆ.

"ಮೂರು ದಿನ ಆತಲ್ರೀ ಸರ, ಪೂರಾ ಒಣಗೈತಿ. ಇನ್ನ ನೀರು ಯಾಕ್ರೀ?" ಅಂದ.

ಅವನನ್ನು ಬೈಯಲು ಮನಸ್ಸಾಗಲಿಲ್ಲ. ನಾವೆಲ್ಲ ಹೇಳುವುದೂ ಅದೇ ಮಾತು ಅಲ್ವಾ? ಸಿಮೆಂಟ್ ಒಣಗಿತು, ಗಟ್ಟಿಯಾಯಿತು. ಸ್ಲ್ಯಾಬಿಗೆ ಮತ್ತೆ ನೀರು ತುಂಬಿಸಿದೆವು. ಆದರೆ ಕೆಳಗಿನ ಪಿಲ್ಲರ್‌ಗಳಿಗೆ ಒದ್ದೆ ಗೋಣಿತಟ್ಟು ಸುತ್ತಿರಲಿಲ್ಲ, ನಾನೂ ಗಮನಿಸಿರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಪಿಲ್ಲರ್‌ ಮೂಲೆಯನ್ನು ಉಗುರಿನಿಂದ ಕೆರೆದೆ. ಬೂದಿಯಂಥ ಪುಡಿ ಉದುರಿತು. ಅದೇ ಸಿಮೆಂಟ್, ಅದೇ ಉಸುಕು, ಅದೇ ಕಡಿ. ನೀರೊಂದೇ ಸಿಕ್ಕಿರಲಿಲ್ಲ.

ಸಿಮೆಂಟ್ ಒಣಗಿ ಗಟ್ಟಿಯಾಗುವುದಾದರೆ ಆ ಪಿಲ್ಲರ್ ಎಲ್ಲಕ್ಕಿಂತ ಗಟ್ಟಿಯಾಗಿರಬೇಕಿತ್ತು. ಹಾಗಾದರೆ ಒಳಗೆ ನಡೆಯುವುದೇನು? ಜಗತ್ತಿನ ವಿಜ್ಞಾನಿಗಳು ಇದನ್ನು ನೂರು ವರ್ಷಕ್ಕೂ ಜಾಸ್ತಿ ಕಾಲ ಜಗ್ಗಾಡಿದ್ದಾರೆ.

ನಮ್ಮ ಸೀಮೆಗೆ ಈ ಗೊಂದಲ ಬರಲು ಒಂದು ಕಾರಣವಿದೆ ಅನಿಸುತ್ತದೆ. ನಾವು ಸಿಮೆಂಟಿನ ಮನೆಗೆ ಬಂದದ್ದು ಮೊನ್ನೆ ಮೊನ್ನೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗಿ, ಜನ ನವನಗರಕ್ಕೆ ಬಂದರು. ಅಲ್ಲಿಯವರೆಗೆ ಎಷ್ಟೋ ಮನೆಗಳಿಗೆ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹಾಳಮಣ್ಣು ಹಾಕಬೇಕಿತ್ತು. ಮಣ್ಣು ನಿಜಕ್ಕೂ ಒಣಗಿಯೇ ಗಟ್ಟಿಯಾಗುತ್ತದೆ. ದೊಡ್ಡ ಕಟ್ಟಡಗಳಿಗೆ ಸುಣ್ಣದ ಗಾರೆ. ವಿಜಯಪುರದ ಗೋಲಗುಮ್ಮಟದ ಗುಮ್ಮಟ ನಿಂತಿರುವುದು ಇಟ್ಟಿಗೆ ಮತ್ತು ಗಾರೆಯ ಮೇಲೆ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಮುಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ, ಅಂದಿನಿಂದ ಲೆಕ್ಕ ಹಾಕಿ. ಗಾರೆಯಲ್ಲಿರುವ ಸುಣ್ಣ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಅದಕ್ಕೆ ಗಾಳಿ ಬೇಕು. ಸಿಮೆಂಟಿಗೆ ಬೇಕಾದ್ದು ಬೇರೆ.

ಆದರೆ ಎರಡಕ್ಕೂ ತಾಯಿ ಒಂದೇ, ಸುಣ್ಣದ ಕಲ್ಲು. ಅದು ನಮ್ಮ ಕಾಲಬುಡದಲ್ಲೇ ಇದೆ. ಕಲಾದಗಿ ಅಂದರೆ ನಮಗೆ ದಾಳಿಂಬೆ, ಚಿಕ್ಕು ನೆನಪಾಗುತ್ತವೆ. ಭೂವಿಜ್ಞಾನ ಓದಿದವರಿಗೆ ನೆನಪಾಗುವುದು ಕಲಾದಗಿ ಶಿಲೆಗಳು. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳ ವರದಿ ಬರೆದಾಗ ಊರಿನ ಹೆಸರನ್ನೇ ಅವಕ್ಕೆ ಇಟ್ಟರು. ನೂರು ಕೋಟಿ ವರ್ಷಕ್ಕೂ ಹಳೆಯ ಈ ಶಿಲೆಗಳ ಸುಣ್ಣದ ಕಲ್ಲನ್ನೇ ನಂಬಿ ಬಾಗಲಕೋಟೆ, ಮುಧೋಳ, ಲೋಕಾಪುರದ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದವು. ಈ ಕಲ್ಲಿಗೆ ಜೇಡಿಮಣ್ಣು ಸೇರಿಸಿ ಸುಮಾರು 1450 ಡಿಗ್ರಿಯಲ್ಲಿ ಸುಟ್ಟರೆ ಕ್ಲಿಂಕರ್ ಎಂಬ ಕಪ್ಪು ಉಂಡೆಗಳು ಬರುತ್ತವೆ. ಅದನ್ನು ಸ್ವಲ್ಪ ಜಿಪ್ಸಮ್ ಹಾಕಿ ಬೀಸಿದರೆ ಸಿಮೆಂಟ್. ಸುಡುವಾಗ 100 ಕೆಜಿ ಶುದ್ಧ ಸುಣ್ಣದ ಕಲ್ಲಿನಿಂದ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಇಷ್ಟು ಬೆಲೆ ತೆತ್ತು ಮಾಡಿದ ಚೀಲವನ್ನು ನೀರಿಲ್ಲದೆ ಪುಡಿ ಮಾಡಿಕೊಂಡರೆ ಹೊಟ್ಟೆ ಉರಿಯುವುದಿಲ್ಲವೇ?

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಜಗತ್ತೆಲ್ಲ ಕಟ್ಟಿದ್ದೇ ಕಟ್ಟಿದ್ದು. ಅದು ಯಾಕೆ ಹಿಡಿಯುತ್ತದೆ ಅಂತ ಮಾತ್ರ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. 1887ರಲ್ಲಿ ಫ್ರಾನ್ಸಿನ ಲೆ ಶಾಟೆಲಿಯೆ, ನೀರು ಬಿದ್ದಾಗ ಸಣ್ಣ ಸಣ್ಣ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಅಂದರು. ಜರ್ಮನಿಯ ಮಿಖಾಯೆಲಿಸ್ ಒಪ್ಪಲಿಲ್ಲ. ಅಂಟಿನಂಥ ಲೋಳೆ ಹುಟ್ಟಿ ಗಟ್ಟಿಯಾಗುತ್ತದೆ ಅನ್ನುವುದು ಅವರ ವಾದ. ಹರಳೋ ಲೋಳೆಯೋ ಎಂಬ ಜಗಳ ದಶಕಗಟ್ಟಲೆ ನಡೆಯಿತು.

ಇಲ್ಲಿಗೆ ಬರುವವರು ಜಾನ್ ಡೆಸ್ಮಂಡ್ ಬರ್ನಾಲ್. ಇಡೀ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಮನುಷ್ಯ ಇವರು. ಹುಟ್ಟಿದ್ದು 1901ರಲ್ಲಿ, ಐರ್ಲೆಂಡಿನಲ್ಲಿ. ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ, ಒಳಗೆ ಅಣುಗಳು ಹೇಗೆ ಕೂತಿವೆ ಅಂತ ಕಂಡುಹಿಡಿಯುವುದು ಅವರ ಕೆಲಸ. ಗೆಳೆಯರು ಅವರನ್ನು 'ಸೇಜ್', ಅಂದರೆ ಋಷಿ, ಅಂತ ಕರೆಯುತ್ತಿದ್ದರು.

ಅವರ ಬದುಕಿನ ಕೆಲಸವನ್ನು ಹಿಂಬಾಲಿಸಿದರೆ ನೀರು ಮತ್ತೆ ಮತ್ತೆ ಸಿಗುತ್ತದೆ. 1932ರಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಮಂಜು ಕವಿದು ವಿಮಾನ ತಡವಾಯಿತು. ಜೊತೆಗಿದ್ದ ಭೌತವಿಜ್ಞಾನಿ ಫೌಲರ್ ಅವರ ಹತ್ತಿರ ಸುಮ್ನೆ ಮಾತಾಡುತ್ತಾ ಕೂತರು. ನೀರಿನ ಅಣುಗಳು ಹೇಗೆ ಜೋಡಿಸಿಕೊಂಡಿರಬಹುದು ಅನ್ನುವುದೇ ಮಾತು. ಮುಂದಿನ ವರ್ಷ ಅದೇ ಒಂದು ಹೆಸರಾಂತ ಪ್ರಬಂಧವಾಯಿತು.

1934ರ ಕೆಲಸವಂತೂ ನಮ್ಮ ಗೌಂಡಿಗೆ ಹೇಳಲೇಬೇಕಾದ್ದು. ಹೊಟ್ಟೆಯಲ್ಲಿ ಆಹಾರ ಅರಗಿಸುವ ಪೆಪ್ಸಿನ್ ಎಂಬ ಪ್ರೋಟೀನಿನ ಹರಳುಗಳು ಬರ್ನಾಲ್ ಕೈಗೆ ಬಂದವು. ಸ್ವೀಡನ್ನಿನಿಂದ ಒಬ್ಬರು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಂದಿದ್ದರು. ಒಣಗಿದ ಹರಳಿಗೆ ಎಕ್ಸ್-ರೇ ಹಾಯಿಸಿದರೆ ಚಿತ್ರವೇ ಮೂಡುತ್ತಿರಲಿಲ್ಲ. ಬರ್ನಾಲ್ ಹರಳನ್ನು ಅದು ಬೆಳೆದ ದ್ರವದಲ್ಲೇ ಹಸಿಯಾಗಿಟ್ಟು, ಗಾಜಿನ ಸಣ್ಣ ನಳಿಕೆಯಲ್ಲಿ ಹಿಡಿದು ನೋಡಿದರು. ಚುಕ್ಕಿ ಚುಕ್ಕಿಯಾಗಿ ಚಿತ್ರ ಬಂತು. ಒಳಗಿನ ಜೋಡಣೆ ಹಿಡಿದುಕೊಂಡಿದ್ದೇ ನೀರಿನಿಂದ, ಒಣಗಿಸಿದರೆ ಕುಸಿಯುತ್ತಿತ್ತು. ಜೊತೆಗೆ ಕೆಲಸ ಮಾಡಿದ ಡೊರೊಥಿ ಹಾಜ್‌ಕಿನ್ ಮುಂದೆ 1964ರಲ್ಲಿ ನೊಬೆಲ್ ಪಡೆದರು.

ಎರಡು ವರ್ಷ ಬಿಟ್ಟು ಅವರ ಕಣ್ಣು ಭೂಮಿಯ ಆಳಕ್ಕೆ ಹೋಯಿತು. ಸುಮಾರು 400 ಕಿ.ಮೀ. ಕೆಳಗೆ ಭೂಕಂಪದ ಅಲೆಗಳು ಇದ್ದಕ್ಕಿದ್ದಂತೆ ವೇಗವಾಗುತ್ತವೆ. ಯಾಕೆ? ಅಲ್ಲಿರುವುದು ಬೇರೆ ವಸ್ತುವೇ ಇರಬೇಕು ಅನ್ನುವುದು ಸುಲಭದ ಉತ್ತರ. 1936ರಲ್ಲಿ ಬರ್ನಾಲ್ ಬೇರೊಂದು ಮಾತು ಹೇಳಿದರು. ಆಲಿವಿನ್ ಎಂಬ ಖನಿಜವೇ ಒತ್ತಡಕ್ಕೆ ಸಿಕ್ಕಿ ಸ್ಪಿನೆಲ್ ಎಂಬ ಬಿಗಿಯಾದ ಜೋಡಣೆಗೆ ತಿರುಗಿರಬಹುದು ಅಂದರು. ಸೇರಿನಲ್ಲಿ ಜೋಳ ತುಂಬಿ ಎರಡು ಸಲ ಕುಟ್ಟಿದರೆ ಕಾಳು ಅವೇ ಇದ್ದರೂ ಮೇಲೆ ಜಾಗ ಉಳಿಯುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ಆಗ ಅಷ್ಟು ಒತ್ತಡವನ್ನು ಪ್ರಯೋಗಾಲಯದಲ್ಲಿ ಹಾಕಿ ನೋಡಲು ಸಾಧನವೇ ಇರಲಿಲ್ಲ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಟೆಡ್ ರಿಂಗ್‌ವುಡ್ ಮಾಡಿ ತೋರಿಸಿದರು. 1969ರಲ್ಲಿ ಒಂದು ಉಲ್ಕೆಯಲ್ಲಿ ಆ ಖನಿಜವೇ ಸಿಕ್ಕಿತು, ರಿಂಗ್‌ವುಡೈಟ್ ಅಂತ ಹೆಸರಾಯಿತು. ನಡುವೆ ಇನ್ನೊಂದು ರೂಪವೂ ಇದೆ ಅಂತ ಆಮೇಲೆ ತಿಳಿಯಿತು. ಬರ್ನಾಲ್ ಹಿಡಿದ ದಾರಿ ಮಾತ್ರ ಸರಿಯಿತ್ತು.

ಯುದ್ಧ ಬಂತು. ಬಾಂಬಿಗೆ ಕಟ್ಟಡಗಳು ಹೇಗೆ ಬೀಳುತ್ತವೆ ಅಂತ ಲೆಕ್ಕ ಹಾಕುವುದು ಅವರ ಕೆಲಸವಾಯಿತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಮನೆಗಳಿಗೆ ಹಾಹಾಕಾರ. ಭೂಮಿಯ ಆಳದ ಬಗ್ಗೆ ಯೋಚಿಸಿದ ಮನುಷ್ಯ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಸಿಮೆಂಟಿಗೆ ಕೂತರು. ಇದನ್ನು ಸಣ್ಣ ಕೆಲಸ ಅಂತ ಅವರು ಎಣಿಸಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಇಲ್ಲಿ.

1952ರಲ್ಲಿ ಅವರು, ಜೆಫ್ರಿ ಮತ್ತು ಟೇಲರ್ ತಮ್ಮ ಕೆಲಸ ಪ್ರಕಟಿಸಿದರು. ಹಳೇ ಜಗಳಕ್ಕೆ ಉತ್ತರ ಅದರಿಂದ ಕಾಣತೊಡಗಿತು. ನೀರು ಬಿದ್ದಾಗ ಹುಟ್ಟುವುದು ಲೋಳೆಯೇ. ಆದರೆ ಆ ಲೋಳೆಯ ಒಳಗೆ ಪದರ ಪದರವಾದ ಜೋಡಣೆ ಇದೆ. ಟೊಬರ್ಮೊರೈಟ್ ಎಂಬ ಅಪರೂಪದ ಖನಿಜದ ಮುರುಕು ಪದರಗಳ ಹಾಗೆ. ಆ ಖನಿಜ 1880ರಲ್ಲಿ ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲಿ ಸಿಕ್ಕಿತ್ತು, ವಿಜಯಪುರದ ಕರಿಗಲ್ಲಿನಂಥದ್ದೇ ಲಾವಾ ಕಲ್ಲಿನ ಪೊಟರೆಯಲ್ಲಿ. ಪದರಗಳ ನಡುವೆ ಕ್ಯಾಲ್ಸಿಯಂ ಇರುತ್ತದೆ. ಜೊತೆಗೆ ನೀರು ಇರುತ್ತದೆ.

ಅಂದರೆ ನಾವು ಸ್ಲ್ಯಾಬಿಗೆ ಹೊಡೆದ ನೀರು ಕಲ್ಲಿನ ಅಂಗವಾಗುತ್ತದೆ. 50 ಕೆಜಿ ಚೀಲ ಪೂರ್ತಿ ಗಟ್ಟಿಯಾದಾಗ ಸುಮಾರು 11 ಲೀಟರ್ ನೀರು ಅದರೊಳಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುತ್ತದೆ. ಕಲಸುವಾಗ ಸಾಕಷ್ಟು ನೀರೇ ಹಾಕಿರುತ್ತೇವೆ. ನಮ್ಮ ಬಿಸಿಲು ಅದನ್ನು ಕದಿಯುತ್ತದೆ. ಒಳಗಿನ ತೇವ ಶೇ 80ಕ್ಕಿಂತ ಕೆಳಗಿಳಿದರೆ ಈ ಬೆಳವಣಿಗೆ ಹೆಚ್ಚುಕಮ್ಮಿ ನಿಂತೇಹೋಗುತ್ತದೆ. ಮೊದಲು ಒಣಗುವುದು ಹೊರ ಮೈ. ನನ್ನ ಪಿಲ್ಲರಿನ ಪುಡಿ ಅದೇ, ಕಲ್ಲಾಗಲು ಹೊರಟು ಅರ್ಧ ದಾರಿಯಲ್ಲಿ ನಿಂತ ಸಿಮೆಂಟ್.

ಬರ್ನಾಲ್ 1971ರಲ್ಲಿ ತೀರಿಕೊಂಡರು. ಅವರ ಎರಡು ದಾರಿಗಳು ಆಮೇಲೆ ಒಂದೇ ಪ್ರಯೋಗಾಲಯದಲ್ಲಿ ಕೂಡಿದ್ದು ನೋಡಿದರೆ ಖುಷಿಯಾಗುತ್ತದೆ. ಭೂಮಿಯ ಆಳದ ಒತ್ತಡ ತರಲು ಎರಡು ವಜ್ರಗಳ ತುದಿಯ ನಡುವೆ ಖನಿಜವನ್ನು ಹಿಂಡುವ ಸಾಧನ 1950ರ ದಶಕದ ಕೊನೆಗೆ ಬಂದಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪೌಲೊ ಮೊಂಟೆರೊ ತಂಡ ಅದೇ ವಜ್ರಗಳ ನಡುವೆ ಟೊಬರ್ಮೊರೈಟ್ ಇಟ್ಟು ಹಿಂಡಿ, ಎಕ್ಸ್-ರೇಯಲ್ಲಿ ನೋಡಿತು. ಪದರಗಳು ಎಷ್ಟು ಕುಗ್ಗುತ್ತವೆ, ಎಷ್ಟು ತಡೆಯುತ್ತವೆ ಅಂತ ಅಳೆಯಿತು. 2013ರಲ್ಲಿ ಮೇರಿ ಜಾಕ್ಸನ್ ಅವರೊಂದಿಗೆ ರೋಮನ್ನರ ಎರಡು ಸಾವಿರ ವರ್ಷ ಹಳೆಯ ಬಂದರಿನ ಕಾಂಕ್ರೀಟನ್ನು ಪರೀಕ್ಷಿಸಿದಾಗ, ಅದರೊಳಗೂ ಅಲ್ಯೂಮಿನಿಯಂ ಸೇರಿದ ಟೊಬರ್ಮೊರೈಟ್ ಇತ್ತು. ಅಷ್ಟು ಕಾಲವೂ ಅದು ಸಮುದ್ರದ ನೀರಿನಲ್ಲೇ ನಿಂತಿತ್ತು.

ಇನ್ನೊಂದು ಸುದ್ದಿ 2014ರದ್ದು. ಬ್ರೆಜಿಲ್‌ನ ಒಂದು ಸಣ್ಣ ವಜ್ರದೊಳಗೆ ಭೂಮಿಯ ಆಳದಿಂದ ಬಂದ ರಿಂಗ್‌ವುಡೈಟ್ ಚೂರು ಸಿಕ್ಕಿತು. ಅದರ ತೂಕದಲ್ಲಿ ಸುಮಾರು ಶೇ 1.5 ನೀರು. ಹರಿಯುವ ನೀರಲ್ಲ, ಹರಳಿನ ಜೋಡಣೆಯೊಳಗೇ ಕೂತದ್ದು. ನೂರಾರು ಕಿ.ಮೀ. ಕೆಳಗೂ ಕಲ್ಲು ನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುತ್ತದೆ.

ನಮ್ಮ ದೇಶದ ಕಾಂಕ್ರೀಟ್ ನಿಯಮ ಐಎಸ್ 456 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ ತೇವ ಇರಬೇಕು. ನಮ್ಮಂಥ ಬಿಸಿಲಿನ ಒಣ ಸೀಮೆಯಲ್ಲಿ 10 ದಿನಕ್ಕೆ ಕಮ್ಮಿ ಆಗಬಾರದು. ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟಾದರೆ 14 ದಿನಕ್ಕೆ ಹೋಗುವುದು ಒಳ್ಳೆಯದು. ಈಗ ಅಂಗಡಿಯಲ್ಲಿ ಸಿಗುವ ಚೀಲಗಳಲ್ಲಿ ಜಾಸ್ತಿ ಬೆರಕೆಯವೇ. ಚೀಲದ ಮೇಲೆ ಪಿಪಿಸಿ ಅಂತ ಇದೆಯಾ ನೋಡಿಕೊಳ್ಳಿ, ಇದ್ದರೆ ಅದು ಬೆರಕೆ ಸಿಮೆಂಟ್.

ಕಂಪೌಂಡ್ ಕೆಲಸಕ್ಕೆ ಅದೇ ಗೌಂಡಿಯನ್ನೇ ಕರೆದೆ. ಪೆಪ್ಸಿನ್ ಕಥೆ, ಹರಳಿನ ಕಥೆ ಹೇಳಿದೆ. ಕೇಳಿಸಿಕೊಂಡ. "ಅಂದ್ರ ಇದು ಒಣಗೂದಲ್ರೀ ಸರ, ಬೆಳೆಯೂದು" ಅಂದ. ಕಂಬಗಳಿಗೆ ತಟ್ಟು ಸುತ್ತಿ, ದಿನಕ್ಕೆ ಮೂರು ಸಲ ತೋಯಿಸಿದೆವು. ಹದಿನೈದನೇ ದಿನ ಅವನೇ ತಟ್ಟು ಬಿಚ್ಚಿ, ಮೊಳೆ ತಗೊಂಡು ಮೂಲೆಯಲ್ಲಿ ಜೋರಾಗಿ ಗೀರಿದ. ಸಣ್ಣದೊಂದು ಬಿಳಿ ಗೆರೆ ಮೂಡಿತು, ಅಷ್ಟೇ. ಪುಡಿ ಉದುರಲಿಲ್ಲ.